ಕಟ್ಟಲಾಗದ ಉಂಡಿ

ಸಿಂದಗಿ
೬ ಆಗಸ್ಟ್ ೨೦೨೫

ನನ್ನ ಸಿಡುಕು ಮೋರೆಯ ಅವ್ವನಿಗೆ, ವಿದ್ಯಾವತಿಯ ನಮಸ್ಕಾರ.

ಫೋನು ಮಾಡಿದರೆ ದನಿಯಲ್ಲೇ ಎಲ್ಲ ಹಿಡಿದುಬಿಡುತ್ತೀ, ಅದಕ್ಕೇ ಈ ಪತ್ರ. ಪಂಚಮಿಗೆ ಕರೆಯಲು ಬಂದ ತಮ್ಮ ಚೇತನಕುಮಾರನನ್ನು, ಅತ್ತೆಗೆ ಜ್ವರ ಎಂದು ಹೇಳಿ ಬಾಗಿಲಿಂದಲೇ ಹಿಪ್ಪರಗಿಗೆ ತಿರುಗಿ ಕಳಿಸಿದೆನಲ್ಲ, ಆಗ ಅತ್ತೆ ಒಳಗೆ ಗಟ್ಟಿಮುಟ್ಟಾಗಿ ಕೂತು ಚಹಾ ಕುಡಿಯುತ್ತಿದ್ದರು. "ನನಗ ಯಾಕವಾ ಜ್ವರ ಬರಸ್ತಿ? ತವರಿಗೆ ಹೋಗಾಕ ಮನಸ್ಸಿಲ್ಲಂದ್ರ ಹಂಗ ಹೇಳು" ಎಂದು ಆಮೇಲೆ ಬೈದರು.

ಮನಸ್ಸಿತ್ತು ಅವ್ವಾ. ಆದರೆ ನಿನ್ನ ಪಡಸಾಲೆಯಲ್ಲಿ ಎಲ್ಲರ ನಡುವೆ ಕೂತು ಉಂಡಿ ಕಟ್ಟಬೇಕಲ್ಲ! ಅವನು ಬರುವ ಹಿಂದಿನ ದಿನ ಒಬ್ಬಳೇ ಕಟ್ಟಿ ನೋಡಿದೆ. ಮುಷ್ಟಿ ಮುಚ್ಚಲೇ ಇಲ್ಲ. ಎಳ್ಳು, ಬೆಲ್ಲ ಎಲ್ಲ ಬೆರಳಸಂದಿಯಿಂದ ಉದುರಿತು. ನನ್ನಷ್ಟು ಗುಂಡಗೆ ಯಾರು ಕಟ್ಟುತ್ತೀರಿ ಎಂದು ಓಣಿಗೆಲ್ಲ ಜಂಬ ಕೊಚ್ಚಿದವಳು ನಾನು. ಅತ್ತುಬಿಟ್ಟೆ. ಹಬ್ಬದ ದಿನ ಆ ಪುಡಿಯನ್ನೇ ಚಮಚದಲ್ಲಿ ತಿಂದೆವು.

ಬೆಳಿಗ್ಗೆ ಎದ್ದರೆ ಬೆರಳು ಒಣ ತೊಗರಿ ಕಟ್ಟಿಗೆ. ಬಿಸಿನೀರಲ್ಲಿ ಅದ್ದಿ ಕೂರುತ್ತೇನೆ. ಮಧ್ಯಾಹ್ನಕ್ಕೆ ಪೆನ್ನು ಹಿಡಿಯುವಷ್ಟು ಸಡಿಲಾಗುತ್ತವೆ, ಅಷ್ಟೇ. ನಲ್ಲಿ ತಿರುಗಿಸಲು ಮಗಳು ಪ್ರಿಯದರ್ಶಿನಿ ಬೇಕು. ಅವಳ ಜಡೆ ಹೆಣೆಯಲು ಪಕ್ಕದ ಮನೆಯ ಕೌಸರ. ರೊಟ್ಟಿ ಖಾನಾವಳಿಯದು. ನಮ್ಮ ಮನೆಯವರು ಏನೂ ಅನ್ನುವುದಿಲ್ಲ, ಅನ್ನದಿರುವುದಕ್ಕೇ ನನಗೆ ಸಿಟ್ಟು. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಒಳಗೂ ಹೊರಗೂ ಸುಮ್ಮನೆ ತಿರುಗುತ್ತೇನೆ.

ವಿಜಯಪುರದ ಡಾಕ್ಟರಮ್ಮ, "ಕೀಲಿನ ಮಾತಾತು. ಮನಸ್ಸು ಹೆಂಗೈತಿ?" ಎಂದರು. "ಆರಾಮ ಐತ್ರಿ" ಎಂದೆ, ಅನ್ನುವಾಗಲೇ ಕಣ್ಣೀರು ಬಂತು. ಈ ಕೀಲುವಾತದ ಬೇನೆಯಲ್ಲಿ ಮನಸ್ಸೂ ಕುಸಿಯುವುದುಂಟು, ಅದಕ್ಕೂ ಔಷಧವಿದೆ ಎಂದು ಇನ್ನೊಂದು ಗುಳಿಗೆ ಬರೆದುಕೊಟ್ಟರು. ಕೀಲಿನದನ್ನು ನುಂಗುತ್ತೇನೆ. ಇದು ಸಾಸಿವೆ ಡಬ್ಬಿಯ ಹಿಂದೆ ಇದೆ. ಹುಚ್ಚಿ ಅಂದಾರು ಎಂದು ಹೆದರಿಕೆ.

ನೀನು ಮಾತ್ರ ಬರಬೇಡ. ತೊಗರಿ ಹೊಲದಲ್ಲಿ ಕಳೆ ತೆಗೆಯುವ ಕಾಲ. ನಾನು ಹೇಗೋ ಸಂಭಾಳಿಸುತ್ತೇನೆ.

ನಿನ್ನ ಹಟಮಾರಿ ಮಗಳು,
ವಿದ್ಯಾವತಿ

ತಾ.ಕ.: ಪ್ರಿಯದರ್ಶಿನಿಯ ಜಡೆಯ ಮಾತು ಬರೆದೆ, ನನ್ನದನ್ನು ಬರೆಯಲಿಲ್ಲ. ಕೈ ತಲೆಯವರೆಗೆ ಏಳುವುದಿಲ್ಲ. ಪಂಚಮಿಗೂ ಮೊದಲಿನಿಂದ ಸಿಕ್ಕುಗಟ್ಟಿದ ಕೂದಲ ಮೇಲೆ ಸೆರಗು ಹೊದ್ದೇ ಇದ್ದೇನೆ. ಕೌಸರಳಿಗೆ ಹೇಳಲು ನಾಚಿಕೆ. ಕಳೆ ಹಾಳಾಗಿ ಹೋಗಲಿ ಅವ್ವಾ, ಬಾ. ನಿನ್ನ ಹಣಿಗೆ ತಗೊಂಡು ಬಾ. ತಲೆ ಬಾಚುತ್ತ ಬೈ, ಬೈಯುತ್ತಲೇ ಆ ಗುಳಿಗೆ ನುಂಗಿಸು.