ಹತ್ತಿರದ ಸಂಬಂಧಿಯ ಹೇಳಿಕೆ

ಹಾಸ್ಟೆಲ್, ಎರಡನೇ ಮಹಡಿ
ಭಾನುವಾರ, ಮಾರ್ಚ್ ೯

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಹೋದ ತಿಂಗಳು ನೀನು ಕೆಲಸದ ಊರಿನಿಂದ ಮನೆಗೆ ಬಂದಾಗ ಕುರ್ಚಿಯಿಂದ ಏಳುವಾಗೆಲ್ಲ ಹಲ್ಲು ಕಚ್ಚುತ್ತಿದ್ದೆ, ಅಮ್ಮ ನೋಡಿದ ಕೂಡಲೇ ನಗುತ್ತಿದ್ದೆ. ವ್ಯಾನಿನ ಸೀಟಿಗೆ ಒಂದು ದಿಂಬು ಹಾಕಿಕೋ ಅಂತ ನಾನು ಅಂದಿದ್ದೆ. ಹಾಕಿಕೊಂಡಿರುವುದಿಲ್ಲ ಬಿಡು. ನಾನು ಚೆನ್ನಾಗಿದ್ದೇನೆ. ಗಂಟಲು ಮಾತ್ರ ಕಟ್ಟಿದೆ. ವಾರವೆಲ್ಲ ನಿಂತು ವಾದ ಮಾಡಿದರೆ ಕಟ್ಟದೆ ಇನ್ನೇನು? ಈ ಕಾಲದಲ್ಲಿ ಕಾಗದ ಯಾಕೆ ಬರೀತೀಯ ಅಂತ ನೀನು ಕೇಳುತ್ತೀಯ. ಫೋನ್ ಮಾಡಿದರೆ ‘ಊಟ ಆಯ್ತಾ ಪಟಪಟಿ, ಗಾಡಿ ಓಡಿಸ್ತಿದೀನಿ, ಆಮೇಲೆ ಮಾತಾಡೋಣ’ ಅಂದು ಇಟ್ಟುಬಿಡುತ್ತೀಯ. ನಾನು ಹೇಳಬೇಕಾಗಿರುವುದು ಮುಗಿಯುವ ಮೊದಲೇ ನೀನು ಫೋನ್ ಇಟ್ಟುಬಿಡಬಾರದು, ಅದಕ್ಕೆ.

ಮೊದಲು ಒಳ್ಳೆಯ ಸುದ್ದಿ. ಮೂಟ್ ಕೋರ್ಟ್ ಸ್ಪರ್ಧೆಯಲ್ಲಿ ನಾವು ಗೆದ್ದೆವು. ಅದೇನು ಅಂತ ನೀನು ಎಷ್ಟು ಸಲ ಕೇಳಿದರೂ ನಾನು ಅರ್ಧಂಬರ್ಧ ಹೇಳಿದ್ದೇನೆ. ಕಾನೂನು ಓದುವವರೆಲ್ಲ ಸೇರಿ ನಡೆಸುವ ನಾಟಕದ ಕೋರ್ಟ್ ಅದು. ಒಂದು ಪ್ರಕರಣವನ್ನು ಬರೆದು ಎಲ್ಲ ತಂಡಗಳಿಗೂ ಕೊಡುತ್ತಾರೆ. ಒಮ್ಮೆ ಈ ಕಡೆಗೆ, ಒಮ್ಮೆ ಆ ಕಡೆಗೆ ನಿಂತು ವಾದಿಸಬೇಕು. ಯಾವ ಕಡೆ ಅನ್ನುವುದು ಚೀಟಿ ಎತ್ತಿದಾಗ ಗೊತ್ತಾಗುತ್ತದೆ, ನಮ್ಮ ಇಷ್ಟ ಅಲ್ಲ. ವಕೀಲರು, ನಿವೃತ್ತ ನ್ಯಾಯಾಧೀಶರು ಎದುರಿಗೆ ಕೂತು ನಡುನಡುವೆ ಪ್ರಶ್ನೆ ಎಸೆದು ನೀರಿಳಿಸುತ್ತಾರೆ. ಒಂದು ನಿಯಮ ಮಾತ್ರ ಕಟ್ಟುನಿಟ್ಟು. ಪ್ರಕರಣದಲ್ಲಿ ಏನು ಬರೆದಿದೆಯೋ ಅದೇ ಸತ್ಯ. ಅದು ಸುಳ್ಳು ಅನ್ನುವ ಹಾಗಿಲ್ಲ, ಅದರಲ್ಲಿ ಇಲ್ಲದ್ದನ್ನು ತರುವ ಹಾಗಿಲ್ಲ. ನನ್ನ ಜೋಡಿ ಉದ್ದಕ್ಕ, ಗೊತ್ತಲ್ಲ, ನಮ್ಮ ಮನೆಗೆ ಬಂದು ಬಾಗಿಲಿಗೆ ತಲೆ ಹೊಡೆಸಿಕೊಂಡು ಹೋದವಳು. ಅವಳು ಕಾನೂನು ಹುಡುಕುವುದರಲ್ಲಿ ಗಟ್ಟಿ, ನಾನು ಮಾತಿನಲ್ಲಿ. ಆ ಮಾತು ಯಾರಿಂದ ಬಂತು ಅಂತ ಎಲ್ಲರೂ ಕೇಳುತ್ತಾರೆ, ಅಪ್ಪನಿಂದ ಅಂತ ನಾನು ಹೇಳುತ್ತಾ ಬಂದಿದ್ದೇನೆ.

ಈ ಸಲದ ಪ್ರಕರಣ ಒಂದು ದೊಡ್ಡ ಲಾಂಡ್ರಿಯದು. ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡುವ ಕಾರ್ಖಾನೆ. ಬಿಸಿ ಉರುಳೆಗಳ ನಡುವೆ ಬಟ್ಟೆ ತೂರಿಸುವ ಯಂತ್ರ. ಅದರ ಬಾಯಿಗೆ ಒಂದು ಕಂಬಿ, ಬೆರಳು ತಾಗಿದರೆ ಯಂತ್ರ ನಿಂತುಬಿಡುತ್ತದೆ. ಆ ಕಂಬಿಯನ್ನು ಹರಕು ಬಟ್ಟೆಯಿಂದ ಎತ್ತಿ ಕಟ್ಟಲಾಗಿತ್ತು. ಕೆಲಸದವಳ ಎಡಗೈ ಒಳಗೆ ಹೋಯಿತು, ಹೆಬ್ಬೆರಳೊಂದು ಉಳಿಯಿತು. ಆ ಸಾಲನ್ನು ಮತ್ತೊಮ್ಮೆ ಓದಿದೆ. ಉದ್ದಕ್ಕ ನನ್ನ ಮುಖ ನೋಡಿ ‘ಏನೇ, ಬೆಳ್ಳಗಾಗಿಬಿಟ್ಟೆ?’ ಅಂದಳು. ಏನಿಲ್ಲ ಅಂದೆ. ಅಂಥ ಯಂತ್ರಗಳು ಎಲ್ಲ ಕಡೆ ಇವೆ, ಅಂಥ ಕೈಗಳೂ ಇವೆ ಅಂದುಕೊಂಡೆ. ಮುಂದೆ ಹೀಗಿತ್ತು: ಕೆಲಸ ಬೇಗ ಮುಗಿಸುವ ಅವಸರಕ್ಕೆ ಕಂಬಿಯನ್ನು ಕಟ್ಟಿದವಳು ಅವಳೇ ಎಂದು ಅವಳ ಹತ್ತಿರದ ಸಂಬಂಧಿಯೊಬ್ಬರು ವಿಚಾರಣಾಧಿಕಾರಿಯ ಮುಂದೆ ಹೇಳಿಕೆ ಕೊಟ್ಟಿದ್ದಾರೆ. ಆಗ ಅವಳು ಎರಡನೇ ಸಲ ಆಸ್ಪತ್ರೆ ಸೇರಿದ್ದಳು, ವಿಚಾರಣೆಗೆ ಬರಲಾಗಲಿಲ್ಲ.

ಅಮ್ಮನೂ ಯಾವಾಗಲೂ ಹಾಗೇ ಹೇಳುತ್ತಾಳಲ್ಲ ಅಪ್ಪ. ಹಾಲು ಉಕ್ಕಿದರೆ, ಲೋಟ ಜಾರಿದರೆ, ‘ನನ್ನ ಅವಸರ ನೋಡು, ಈ ಅವಸರಕ್ಕೇ ಕೈ ಕಳ್ಕೊಂಡೆ, ಆದ್ರೂ ಬುದ್ಧಿ ಬರಲಿಲ್ಲ’ ಅನ್ನುತ್ತಾಳೆ. ಆ ಬೆಳಿಗ್ಗೆಯದು ಅವಳಿಗೆ ಒಂದು ಚೂರೂ ನೆನಪಿಲ್ಲ, ನೋವಿಗೆ ಎಲ್ಲ ಅಳಿಸಿಹೋಗಿದೆ. ಕಂಬಿ ಕಟ್ಟಿದ್ದು ತಾನೇ ಅಂತ ಅವಳಿಗೆ ಹೇಗೆ ಗೊತ್ತು ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಮನೆಯಲ್ಲಿ ಗೋಡೆ ಇದ್ದ ಹಾಗೆ ಅದೂ ಇತ್ತು.

ಮೊದಲ ಸುತ್ತಿನಲ್ಲಿ ನಮಗೆ ಕೆಲಸದವಳ ಕಡೆ ಬಂತು. ನಾನು ಜೀವ ಬಿಟ್ಟು ವಾದಿಸಿದೆ. ಯಂತ್ರ ಮಾಲೀಕನದು, ಕಂಬಿ ಕಟ್ಟಿದ್ದರೆ ಬಿಚ್ಚಿಸುವ ಹೊಣೆಯೂ ಅವನದು, ಕಟ್ಟಿದವಳು ಅವಳೇ ಅನ್ನುವುದಕ್ಕೆ ಒಂದೇ ಒಂದು ಹೇಳಿಕೆ ಬಿಟ್ಟರೆ ಏನಿದೆ ಅಂದೆ. ಎದುರಿಗಿದ್ದವರು ತಡೆದು, ‘ಪ್ರಕರಣದಲ್ಲಿ ಇದ್ದದ್ದು ಇದ್ದ ಹಾಗೇ ಒಪ್ಕೊಳಿ, ಆಚೆ ಹೋಗ್ಬೇಡಿ’ ಅಂದರು. ಹೇಗೋ ತೇರ್ಗಡೆಯಾದೆವು. ಶುಕ್ರವಾರ ಅಂತಿಮ ಸುತ್ತು. ಚೀಟಿ ಎತ್ತಿದಾಗ ಮಾಲೀಕನ ಕಡೆ ಬಂತು. ನಮಗೆ ತರಬೇತಿ ಕೊಡುವ ಮೇಡಂ ‘ಸುಲಭದ ಕಡೆ ಸಿಕ್ತು, ಬಿಡ್ಬೇಡಿ’ ಅಂತ ನನ್ನ ಕಪ್ಪು ಕೋಟಿನ ಕಾಲರ್ ಸರಿ ಮಾಡಿದರು.

ತೀರ್ಪುಗಾರರ ನಡುವೆ ಕೂತಿದ್ದವರು ನಮ್ಮ ಕಾಲೇಜಿನಲ್ಲೇ ಓದಿದ ಹಿರಿಯ ವಕೀಲರು. ಈ ಪ್ರಕರಣ ಬರೆದುಕೊಟ್ಟವರೂ ಅವರೇ ಅಂತ ನಿರೂಪಕಿ ಹೇಳಿದಳು. ನಾನು ಎದ್ದು ನಿಂತೆ. ಸ್ವಲ್ಪ ಹೊತ್ತಿಗೆ ಅವರು ಕನ್ನಡಕ ತೆಗೆದು, ‘ಅಲ್ಲಮ್ಮ, ಈ ಒಂದು ಹೇಳಿಕೇನ ನಾವು ಯಾಕೆ ನಂಬಬೇಕು?’ ಅಂದರು. ಉದ್ದಕ್ಕ ಬರೆದುಕೊಟ್ಟಿದ್ದ ಉತ್ತರ ಮುಂದೆಯೇ ಇತ್ತು. ನಾನು ಅದನ್ನು ನೋಡಲಿಲ್ಲ, ಬಾಯಿಗೆ ತಾನಾಗಿ ಬಂತು. ಹೊರಗಿನವರು ಹೇಳಿದ್ದರೆ ಅನುಮಾನ ಪಡಬಹುದಿತ್ತು, ಮಾನ್ಯರೇ. ಒಂದೇ ಸೂರಿನಡಿ ಇರುವವರು, ಅವಳ ಗಾಯಕ್ಕೆ ಔಷಧಿ ಹಚ್ಚುವವರು, ಅವಳ ಕೈ ಹೋದರೆ ತಾವೂ ನರಳಬೇಕಾದವರು ಅವಳ ವಿರುದ್ಧ ಸುಳ್ಳು ಹೇಳುವುದಕ್ಕೆ ಕಾರಣವಾದರೂ ಏನು? ಇಷ್ಟು ಕಹಿಯಾದ ಮಾತನ್ನು ಪ್ರೀತಿಸುವವರು ಆಡಬೇಕಾದರೆ ಅದು ನಿಜ ಅನ್ನುವ ಒಂದೇ ಕಾರಣಕ್ಕೆ ಆಡುತ್ತಾರೆ ಅಂದೆ. ಹಿರಿಯ ವಕೀಲರು ಪೆನ್ನು ಕೆಳಗಿಟ್ಟು ತಲೆಯಾಡಿಸಿದರು. ನಮ್ಮ ತಂಡಕ್ಕೆ ಮೊದಲ ಸ್ಥಾನ, ನನಗೆ ಉತ್ತಮ ವಾದಕಿ ಅಂತ ಫಲಕ. ಮೇಡಂ ಅತ್ತರು. ಉದ್ದಕ್ಕ ನನ್ನನ್ನು ನೆಲದಿಂದ ಎತ್ತಿಯೇಬಿಟ್ಟಳು.

ಆಮೇಲೆ ಚಹಾ ಇತ್ತು. ಹಿರಿಯ ವಕೀಲರು ಬಿಸ್ಕತ್ತು ಅದ್ದಿಕೊಂಡು ನಮ್ಮಿಬ್ಬರನ್ನೂ ಹತ್ತಿರ ಕರೆದರು. ಮನುಷ್ಯ ಕೆಟ್ಟವರಲ್ಲ ಅಪ್ಪ, ಅದೇ ನನಗೆ ಸಹಿಸಲಾಗದ್ದು. ಮೊಮ್ಮಕ್ಕಳಿಗೆ ಕಥೆ ಹೇಳುವ ಅಜ್ಜನ ಹಾಗೆ ಹೇಳುತ್ತಾ ಹೋದರು. ‘ಇದು ನಾನೇ ನಡೆಸಿದ ಕೇಸು. ಮಾಲೀಕರ ಕಡೆ ನಾನಿದ್ದೆ. ನಿಜ ಹೇಳ್ಬೇಕಂದ್ರೆ ಸೋಲೋ ಕೇಸು ಅದು. ಕಂಬಿ ಕಟ್ತಿದ್ದಿದ್ದು ಅಲ್ಲಿನ ಮೇಲ್ವಿಚಾರಕ. ಕೆಲಸ ಜಾಸ್ತಿ ಇದ್ದಾಗ ಬೆಳಿಗ್ಗೇನೇ ಬಂದು ಎಲ್ಲಾ ಯಂತ್ರಕ್ಕೂ ಕಟ್ಟಿಬಿಡೋನು. ಪಾಪ, ಆ ಹೆಂಗಸು ಏನೂ ಮಾಡಿರಲಿಲ್ಲ.’ ಉದ್ದಕ್ಕ ‘ಮತ್ತೆ ಆ ಸಂಬಂಧಿ?’ ಅಂದಳು. ಅವರು ನಕ್ಕರು. ‘ಗಂಡ ಕಣಮ್ಮ! ಅವನು ಆ ಕಾರ್ಖಾನೆ ಒಳಗೆ ಕಾಲೇ ಇಟ್ಟಿರಲಿಲ್ಲ. ಆ ಯಂತ್ರ ಹೇಗಿದೆ ಅಂತಾನೂ ನೋಡಿರಲಿಲ್ಲ. ಅವಳೇ ಕಟ್ಟಿದ್ದು ಅಂತ ಹೇಳಿಬಿಟ್ಟ. ಯಂತ್ರ ನೋಡಿದೀಯೇನಪ್ಪಾ ಅಂತ ಆ ಹೆಂಗಸಿನ ವಕೀಲ ಒಂದು ಮಾತು ಕೇಳಿದ್ರೆ ಮುಗೀತಿತ್ತು, ಕೇಳಲೇ ಇಲ್ಲ. ಆಮೇಲೆ ಮಾಲೀಕರು ಅವನಿಗೆ ಕಂಪನಿ ವ್ಯಾನ್ ಕೊಟ್ರು. ಇನ್ನೂ ಓಡಿಸ್ತಿದಾನಂತೆ. ಒಳ್ಳೇ ಮನುಷ್ಯ, ನಿಯತ್ತಿನೋನು.’

ನನ್ನ ಕೈಯಲ್ಲಿ ಚಹಾ ಇತ್ತು. ಅದು ಚೆಲ್ಲಲಿಲ್ಲ. ಚೆಲ್ಲಿದ್ದರೆ ಒಳ್ಳೆಯದಿತ್ತು, ಒರೆಸುವ ನೆಪಕ್ಕಾದರೂ ಬಗ್ಗಬಹುದಿತ್ತು. ಅವರು ನನ್ನ ಕಡೆ ತಿರುಗಿ, ‘ನಾನು ಅವತ್ತು ವಾದ ಮಾಡಿದ್ದಕ್ಕಿಂತ ನೀನು ಚೆನ್ನಾಗಿ ಮಾಡ್ದೆ. ರಜೇಲಿ ನನ್ನ ಆಫೀಸಿಗೆ ಬಾ, ಕೆಲಸ ಕಲಿ. ನಿಮ್ಮ ತಂದೆ ಏನ್ಮಾಡ್ತಾರೆ?’ ಅಂದರು. ಡ್ರೈವರ್ ಅಂದೆ. ‘ಸಂತೋಷ, ಕಷ್ಟಪಟ್ಟು ಓದಿಸ್ತಿದಾರೆ’ ಅಂತ ಹೆಗಲು ತಟ್ಟಿದರು. ಆ ಹೆಂಗಸು ನನ್ನ ಅಮ್ಮ ಅಂತ ಹೇಳಲು ಬಾಯಿ ತೆರೆದೆ. ವಾರವೆಲ್ಲ ನಿಲ್ಲದ ಬಾಯಿ, ‘ಥ್ಯಾಂಕ್ಯೂ ಸರ್’ ಅಂದಿತು.

ಅವತ್ತಿನಿಂದ ನಾನು ನಿನ್ನ ಪರವಾಗಿಯೇ ವಾದಿಸುತ್ತಿದ್ದೇನೆ ಅಪ್ಪ. ಅಮ್ಮ ಆಸ್ಪತ್ರೆಯಲ್ಲಿ, ನಿನಗೆ ಕೆಲಸವಿಲ್ಲ, ಮನೆಯಲ್ಲಿ ಎಂಟು ವರ್ಷದ ನಾನು. ಯಾರೋ ಬಂದು ಹೆದರಿಸಿರಬಹುದು. ಹೇಗೂ ಕೇಸು ನಿಲ್ಲುವುದಿಲ್ಲ, ಇಷ್ಟಾದರೂ ದಕ್ಕಲಿ ಅಂತ ನೀನು ಅಂದುಕೊಂಡಿರಬಹುದು. ಅಮ್ಮನಿಗೆ ಕೈ ಬಾರದಾಗ ನನ್ನ ಜಡೆ ಹೆಣೆಯಲು ಕಲಿತವನು ನೀನು. ಮೊದಮೊದಲು ಸೊಟ್ಟ, ಆಮೇಲೆ ಕ್ಲಾಸಿನಲ್ಲೇ ಯಾರಿಗೂ ಅಷ್ಟು ಚೆನ್ನಾದ ಜಡೆ ಇರಲಿಲ್ಲ. ಇದನ್ನೆಲ್ಲ ಒಂದು ತಕ್ಕಡಿಯಲ್ಲಿ ಇಡುತ್ತೇನೆ. ಅನ್ನಕ್ಕಾಗಿ ಅಧಿಕಾರಿಯ ಮುಂದೆ ಹೇಳಿದ್ದನ್ನು ಕಷ್ಟಪಟ್ಟಾದರೂ ಕ್ಷಮಿಸಬಲ್ಲೆ. ಆದರೆ ಮನೆಗೆ ಬಂದು ಅದನ್ನೇ ಅಮ್ಮನಿಗೆ ಯಾಕೆ ಹೇಳಿದೆ? ನಿನಗೆ ನೆನಪಿಲ್ಲ ಕಣೇ, ನೀನೇ ಕಟ್ಟಿದ್ದು ಅಂತ ಅವಳ ಹಾಸಿಗೆ ಪಕ್ಕ ಕೂತು ಹೇಗೆ ಹೇಳಿದೆ? ಅಲ್ಲಿ ನಿನ್ನನ್ನು ಯಾವ ಅಧಿಕಾರಿಯೂ ಕೇಳುತ್ತಿರಲಿಲ್ಲ. ಕೈ ಯಂತ್ರಕ್ಕೆ ಹೋಯಿತು. ತಪ್ಪು ತನ್ನದಲ್ಲ ಅನ್ನುವ ಒಂದು ಸಮಾಧಾನವಾದರೂ ಅವಳಿಗೆ ಉಳಿಯುತ್ತಿತ್ತು, ಅದನ್ನು ನೀನು ತೆಗೆದುಕೊಂಡೆ. ಈ ಜಾಗಕ್ಕೆ ಬಂದಾಗೆಲ್ಲ ನನ್ನ ವಾದ ನಿಂತುಹೋಗುತ್ತದೆ.

ಹಿರಿಯ ವಕೀಲರ ಆಫೀಸಿಗೆ ನಾನು ಹೋಗುವುದಿಲ್ಲ. ಮೇಡಂ ‘ಮನೆ ಬಾಗಿಲಿಗೆ ಬಂದ ಅದೃಷ್ಟ ಒದೀತಿದೀಯ’ ಅಂತ ಬೈದರು. ಬೈಯಲಿ. ಓದು ಮಾತ್ರ ಬಿಡುವುದಿಲ್ಲ. ಒಂದು ಮಾತು ಕೇಳದೆ ಕೂತ ಅಮ್ಮನ ವಕೀಲನ ಹಾಗೆ ನಾನು ಯಾರ ಕೇಸಿನಲ್ಲೂ ಕೂರಬಾರದು. ಬೆನ್ನು ನೋಡಿಕೋ. ಹೊತ್ತಿಗೆ ಸರಿಯಾಗಿ ತಿನ್ನು. ಸಿಟ್ಟು ಎಷ್ಟಿದ್ದರೂ ಈ ಎರಡು ಮಾತು ಬರೆಯದೆ ಕಾಗದ ಮುಗಿಸಲು ನನಗೆ ಬರುವುದಿಲ್ಲ.

ಇಂತಿ,
ನಿನ್ನ ಮಗಳು

ತಾ.ಕ. – ಇವತ್ತು ಬುಧವಾರ. ಭಾನುವಾರ ಬರೆದ ಈ ಕಾಗದವನ್ನು ಪೋಸ್ಟ್ ಮಾಡದೆ ಬ್ಯಾಗಿನಲ್ಲಿಟ್ಟುಕೊಂಡು ನಿನ್ನೆ ಮನೆಗೆ ಹೋಗಿದ್ದೆ. ನೀನೇ ಅಮ್ಮನಿಗೆ ಹೇಳು ಅಂತ ನಿನಗೆ ಬಿಡಬೇಕೆಂದಿದ್ದೆ, ಆಗಲಿಲ್ಲ. ಬಟ್ಟೆ ಮಡಚುತ್ತಿದ್ದಳು, ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಮುಗಿಸಿದಳು. ಆಮೇಲೆ ‘ಹಾಗಾದ್ರೆ ಕಟ್ಟಿದ್ದು ನಾನಲ್ವಾ?’ ಅಂದಳು. ಅಲ್ಲ ಅಂದೆ. ಅಡುಗೆಮನೆಗೆ ಹೋಗಿ ಮತ್ತೆ ಬಂದು, ‘ನಾನಲ್ಲ ಅಂತ ಆ ವಕೀಲರು ಸರಿಯಾಗಿ ಹೇಳಿದ್ರಾ?’ ಅಂದಳು. ಮಲಗುವವರೆಗೂ ಅದನ್ನೇ ಬೇರೆ ಬೇರೆ ಥರ ಕೇಳಿದಳು. ನಿನ್ನ ಬಗ್ಗೆ ಒಂದೇ ಒಂದು ಮಾತು ಕೇಳಲಿಲ್ಲ. ಬೆಳಿಗ್ಗೆ ನಾನು ಹೊರಟಾಗ ನಿನ್ನ ಬಟ್ಟೆಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ ಬಾಗಿಲ ಹತ್ತಿರ ಇಡುತ್ತಿದ್ದಳು, ಒಂದೇ ಕೈಯಲ್ಲಿ. ಹಿಡಿಯಲು ಹೋದೆ, ಬೇಡ ಅಂದಳು. ಈ ತಿಂಗಳು ಮನೆಗೆ ಬರಬೇಡ ಅಪ್ಪ.