ಕೈ ಅಡ್ಡ ಹಿಡದ ತಾಟು

ಐಗಳಿ ಆಯಿಗೆ ನಿನ್ನ ಮೊಮ್ಮಗ ಭರಮೂನ ನಮಸ್ಕಾರ. ಈ ಕಾರ್ಡ ಬಾಜೂಮನಿ ಸ್ನೇಹಲನ ಕಡೆ ಓದಿಸ್ಕೊ.

ಪಣಜಿಯೊಳಗ ಹೊಳಿ ದಂಡಿಮ್ಯಾಗಿನ ಹೋಟೆಲದಾಗ ಬಡಸೋ ಕೆಲಸಾ ಸಿಕ್ಕೈತಿ. ಮಾಲಕರ ಮನಿ ಮಂದೀನ ನಡಸ್ತಾರ. ಅತ್ತಿ ಇಟಲಿಯಾಕಿ, ಟೊಮ್ಯಾಟೊ ರಸದಾಗ ಶಾವಿಗಿ ಮಾಡ್ತಾಳ. ಸೊಸಿ ಅಮೆರಿಕಾದಾಕಿ, ಕೋಳಿ ಕರೀತಾಳ. ಎರಡೂ ಒಂದ ತಾಟಿನ್ಯಾಗ.

ಮೊದಲನೇ ದಿನಾನ ಒಬ್ಬ ಗಿರಾಕಿ ತಾಟು ಖಾಲಿ ಆಗಿದ್ದು ಕಂಡು, ಕೇಳದನ ಶಾವಿಗಿ ಹಾಕಿದ್ನಿ. ಅಂವ ಕೈ ಅಡ್ಡ ಹಿಡದ. ನಮ್ಮ ಕಡೆ ಕೈ ಅಡ್ಡ ಹಿಡದ್ರ ಇನ್ನೊಂದೀಟು ಹಾಕಬೇಕಲ್ಲ, ಹಾಕಿದ್ನಿ. ಅಂವ ಎದ್ದ ನಿಂತ. ಸೊಸಿ ಓಡಿಬಂದು ಹರಕಮುರಕ ಹಿಂದಿಯೊಳಗ ಬೈದ್ಲು. ಕೆಲಸಾ ಹೋತು ಅಂತ ಅಡಗಿಮನ್ಯಾಗ ಸಪ್ಪಗ ಕುಂತ್ನಿ.

ಅತ್ತಿ ಬಂದ್ಲು. ನನ್ನ ಮುಂದ ತಾಟು ಇಟ್ಟು ಶಾವಿಗಿ ಬಡಸಿದ್ಲು. ಉಂಡ್ನಿ. ಮತ್ತ ಹಾಕಾಕ ಬಂದ್ಲು. ಸಾಕಂತ ಕೈ ಅಡ್ಡ ಹಿಡದ್ನಿ. ಆಕಿ ನಿನ್ನಂಗ ನಕ್ಕೋತ ನನ್ನ ಕೈ ಸರಿಸಿ, ಇನ್ನೊಂದ ಸೌಟು ಹಾಕಿದ್ಲು.

ಕೆಲಸಾ ಉಳದೈತಿ, ಆರಾಮ ಅದೀನಿ. ಪ್ಯಾಂಟಷ್ಟ ಬಿಗಿ ಆಗ್ಯಾವು. ನನ್ನ ಊಟದ ಚಿಂತಿ ಬಿಡು. ಸೌಟು ಹಿಡಕೊಂಡು ಮುದುಕಿ ಮತ್ತ ಇತ್ತಾಗನ ಬರಾಕತ್ತಾಳ.

ನಿನ್ನ ಭರಮು