ಬಸ್ಸಿನಲ್ಲಿ ಬಾಳೆಗೊನೆ, ಸ್ಟ್ಯಾಂಡಿನಲ್ಲಿ ಭಾಗೀರಥಿ

ಐವಾನ್-ಎ-ಶಾಹಿ, ಕಲಬುರಗಿ
ಗುರುವಾರ, ೧೯ ಜೂನ್ ೨೦೨೫
(ತಿಥಿ ಬಿಟ್ಟು ಇಂಗ್ಲಿಷ್ ತಾರೀಖು ಬರೆದದ್ದಕ್ಕೆ ಕಾರಣವಿದೆ, ಮುಂದೆ ಓದು.)

ಸೌಭಾಗ್ಯವತಿ ಭಾಗೀರಥಿಗೆ,

ಅನೇಕ ಆಶೀರ್ವಾದಗಳು ಎಂದು ಬರೆಯುವುದು ನಮ್ಮ ಮನೆತನದ ಪದ್ಧತಿ. ಆದರೆ ಹೆಂಡತಿಯನ್ನು ಕಮಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟು ಬಂದ ಗಂಡನಿಗೆ ಆಶೀರ್ವಾದ ಮಾಡುವ ಅಧಿಕಾರ ಉಳಿದಿದೆಯೋ ಇಲ್ಲವೋ ತಿಳಿಯದು. ಆದ್ದರಿಂದ ಸದ್ಯಕ್ಕೆ ನಮಸ್ಕಾರ. ನಿನ್ನ ಮೊಣಕಾಲು ಹೇಗಿದೆ? ಬಂಡುವಿನ ಮನೆಯ ಮೆಟ್ಟಿಲು ಎತ್ತರ, ಏರುವಾಗ ಗೋಡೆ ಹಿಡಿದುಕೋ. ಬಿಪಿ ಗುಳಿಗೆ ಮುಗಿದಿರಬೇಕು. ಈ ಪತ್ರ ತರುವ ಕಂಡಕ್ಟರ್ ಮರೆಪ್ಪನ ಕೈಯಲ್ಲಿ ಗುಳಿಗೆಯ ಎರಡು ಪಟ್ಟಿ ಕಳಿಸಿದ್ದೇನೆ. ಫೋನು ಮಾಡಬಾರದಿತ್ತೇ ಎನ್ನಬೇಡ. ಹನ್ನೊಂದು ದಿನದಲ್ಲಿ ಹತ್ತೊಂಬತ್ತು ಸಲ ಮಾಡಿದೆ. ಪ್ರತಿ ಸಲವೂ ನಿನ್ನ ತಮ್ಮ ಬಂಡುವೇ ಎತ್ತಿ ಒಂದೇ ಮಂತ್ರ ಪಠಿಸಿದ: "ಭಾವಾರ, ಮೊದಲ ತಲಿ ತೋರಿಸ್ಕೊಂಡ ಬರ್ರಿ ಅನ್ಲಿಕ್ಕತ್ತಾಳ ಅಕ್ಕ. ಆಮ್ಯಾಲ ಮಾತಂತ." ತೋರಿಸಿಕೊಂಡು ಬಂದೆ, ಭಾಗೀರಥಿ. ಸೇಡಂ ರಸ್ತೆಯಲ್ಲಿ, ಹಾಡುಹಗಲೇ, ನಾಲ್ಕು ಮಂದಿ ನೋಡುವ ಹಾಗೆ.

ಮೊದಲು ನನ್ನ ಕಡೆಯ ವಾದ ಕೇಳು. ಅವತ್ತು ಬಸ್ಸು ಸ್ಟ್ಯಾಂಡಿಗೆ ತಿರುಗುವ ಮೊದಲೇ ಓಡಿ, ಕಿಟಕಿಯಿಂದ ಟವೆಲ್ ಒಳಗೆ ಒಗೆದು ಎರಡು ಸೀಟು ಹಿಡಿದವನು ನಾನು. ಒಂದು ಸೀಟಿಗೆ ಸಾಕಾಗಿದ್ದರೆ ಕರ್ಚೀಫು ಒಗೆಯುತ್ತಿದ್ದೆ. ಸ್ಟ್ಯಾಂಡಿನಲ್ಲಿ ಹಣ್ಣು ಮಾರುವ ಮರೆಮ್ಮನ ಹತ್ತಿರ ಕೊಂಡ ಕೆಂಪು ಬಾಳೆಗೊನೆಯನ್ನು ನಿನ್ನ ಹಳೆಯ ಹಸಿರು ಸೀರೆಯಲ್ಲಿ ಸುತ್ತಿ ಕಿಟಕಿ ಪಕ್ಕ ಕೂಡಿಸಿದೆ, ಸೆಕೆಗೆ ಕಣ್ಣು ಮುಚ್ಚಿದೆ. ನೂಕುನುಗ್ಗಲಿನಲ್ಲಿ ಕಂಡಕ್ಟರ್ ದೂರದಿಂದಲೇ ಕೈ ಚಾಚಿದಾಗ ನಿನ್ನ ಕಾರ್ಡು ತೋರಿಸಿ, "ಕಿಡಕಿ ಕಡೆ ಕೂತಾರ" ಎಂದು ಹೇಳಿ, ನಿನಗೂ ಒಂದು ಟಿಕೆಟು ಹರಿಸಿದೆ. ಹೆಂಗಸರಿಗೆ ಕೊಡುವ ಆ ಸೊನ್ನೆ ರೂಪಾಯಿ ಟಿಕೆಟನ್ನು ಈ ಪತ್ರಕ್ಕೆ ಲಗತ್ತಿಸಿದ್ದೇನೆ. ನಾನು ನಿನ್ನನ್ನು ಮರೆತಿರಲಿಲ್ಲ ಎಂಬುದಕ್ಕೆ ಸರ್ಕಾರಿ ಸಾಕ್ಷಿ. ವಿಪರ್ಯಾಸ ನೋಡು: ನಿನ್ನ ಆಧಾರ್ ನನ್ನ ಜೇಬಿನಲ್ಲಿ, ನನ್ನ ಆಧಾರ ಬಸ್ ಸ್ಟ್ಯಾಂಡಿನಲ್ಲಿ. ಕಲಬುರಗಿ ಮುಟ್ಟುವವರೆಗೆ ಹಸಿರು ಸೀರೆಯ ಜೊತೆ ನಾಲ್ಕು ಮಾತನ್ನೂ ಆಡಿದೆ. ಮರುಮಾತು ಬರಲಿಲ್ಲ. ಸಿಟ್ಟಿನಲ್ಲಿದ್ದೀಯ ಅಂದುಕೊಂಡೆ. ಇಳಿಯುವಾಗ "ಏಳು" ಅಂತ ಭುಜ ಅಲುಗಿಸಿದರೆ ಮೂರು ಹಣ್ಣು ಉದುರಿದವು.

ನಗಬೇಡ. ಅವತ್ತು ನಾನು ನಗಲಿಲ್ಲ. ಹಣ್ಣು ಆರಿಸಿಕೊಳ್ಳುವಾಗ ಅಪ್ಪ ನೆನಪಾದರು. ನಮ್ಮ ಅಪ್ಪ ಕೊನೆಯ ಮೂರು ವರ್ಷ ನನ್ನನ್ನೇ "ಯಾರಪಾ ನೀ, ಯಾರ ಮಗಾ?" ಎಂದು ಕೇಳುತ್ತಿದ್ದರಲ್ಲ, ಅದು ಶುರುವಾದದ್ದೂ ಹೀಗೇ, ಅವ್ವನನ್ನು ಮಠದಲ್ಲಿ ಬಿಟ್ಟು ಅವಳ ಚಪ್ಪಲಿ ಮಾತ್ರ ಕೈಯಲ್ಲಿ ಹಿಡಿದು ಮನೆಗೆ ಬಂದಿದ್ದರು. ಚಪ್ಪಲಿಯಿಂದ ಬಾಳೆಗೊನೆಗೆ ಎಷ್ಟು ದೂರ? ನಿನ್ನ ಸಿಟ್ಟಿಗಿಂತ ಆ ಲೆಕ್ಕಕ್ಕೇ ನಾನು ಹೆಚ್ಚು ಹೆದರಿದ್ದೆ. ಫೋನಿನಲ್ಲಿ ಬಂಡುವಿಗೆ ಹೇಳುವ ಮಾತಲ್ಲ ಅದು.

ಆದರೂ ಪರೀಕ್ಷೆಗೆಂದು ಹೋದವನು ನಾನಲ್ಲ, ನಮ್ಮ ಮೊಮ್ಮಗಳು ಮೃದುಲಾ. ಸೊಸೆ ಶುಭದಾ ಮೊದಲೇ ಸಮಯ ಗೊತ್ತುಮಾಡಿದ್ದಳು. "ಕೂಸಿಗೆ ಹುಚ್ಚ ಹಿಡದದೇನು, ಆ ಡಾಕ್ಟರ್ ಕಡೆ ಒಯ್ಯಲಿಕ್ಕೆ?" ಎಂದು ನೀನೂ ನಾನೂ ಸೇರಿ ಕೂಗಾಡಿದ್ದು ನೆನಪಿದೆಯಲ್ಲ. ಎಂಟು ವರ್ಷದ ಹುಡುಗಿ, ಬಾಯಿಪಾಠಕ್ಕೆ ಹುಲಿ, ಪುಸ್ತಕ ಕೊಟ್ಟರೆ ಇಲಿ. ಮೈಗಳ್ಳಿ ಎಂದು ಹೆಸರಿಟ್ಟವನು ನಾನೇ. ಮನಶ್ಶಾಸ್ತ್ರಜ್ಞೆ ನಜ್ಮಾ ಮೇಡಂ ಎರಡು ಬೆಳಿಗ್ಗೆ ಅವಳನ್ನು ಕೂಡಿಸಿಕೊಂಡು ಚೌಕಗಳನ್ನು ಜೋಡಿಸಲು ಕೊಟ್ಟರು, ಚಿತ್ರ ತೋರಿಸಿದರು, ಕಥೆ ಹೇಳಿಸಿದರು, ಓದಿಸಿದರು. ಕೊನೆಗೆ ಹೇಳಿದ್ದಿಷ್ಟು: ಬುದ್ಧಿ ವಯಸ್ಸಿಗಿಂತ ಮುಂದಿದೆ, ಕಣ್ಣಿಗೆ ಕಾಣುವ ಅಕ್ಷರ ಬಾಯಿಯ ಉಚ್ಚಾರವಾಗುವ ದಾರಿಯಲ್ಲಿ ಮಾತ್ರ ಒಂದು ತೊಡಕಿದೆ, ಬೇರೆ ರೀತಿಯಲ್ಲಿ ಕಲಿಸಿದರೆ, ಪರೀಕ್ಷೆಯಲ್ಲಿ ತುಸು ಹೆಚ್ಚು ಹೊತ್ತು ಕೊಟ್ಟರೆ ನಡೆಯುತ್ತದೆ. ಇಷ್ಟು ದಿನ ಆಕೆ ಗೆಳತಿಯರು ಓದುವುದನ್ನು ಕೇಳಿ ಇಡೀ ಪಾಠವನ್ನೇ ಉರುಹೊಡೆದು, ಓದಿದ ಹಾಗೆ ನಟಿಸುತ್ತಿದ್ದಳಂತೆ. ಮೈಗಳ್ಳಿ ಅಲ್ಲ ಭಾಗೀರಥಿ, ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ದುಡಿಯುತ್ತಿದ್ದವಳು ಅವಳೇ. ಆಮೇಲೆ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು: "ಅಜ್ಜಾ, ನಾ ದಡ್ಡಿ ಅಲ್ಲಂತ. ಮನ್ಯಾಗ ನಿನಗ ಏನಂತಾರ ಅಂತ ಮೇಡಂ ಕೇಳಿದ್ರು. ನಿಮ್ಮ ಹೆಸರು ನಾ ಹೇಳ್ಲಿಲ್ಲ." ಮೂವತ್ತೈದು ವರ್ಷ ಮೇಷ್ಟರಾಗಿದ್ದವನಿಗೆ ಇಷ್ಟು ಮೆತ್ತಗೆ ಯಾರೂ ಬಾರಿಸಿರಲಿಲ್ಲ.

ನನ್ನನ್ನು ಹೀಗೆ ಕಾಪಾಡಿದ ಆ ಬಾಯೇ ಮರುಗಳಿಗೆಯಲ್ಲಿ ಗಟ್ಟಿಯಾಗಿ ಸಾರಿತು: "ಮೇಡಂ, ನಮ್ಮ ಅಜ್ಜಂದೂ ಪರೀಕ್ಷಾ ತಗೋರಿ! ಅವರು ಅಜ್ಜಿನ್ನ ಬಸ್ ಸ್ಟ್ಯಾಂಡಿನ್ಯಾಗ ಬಿಟ್ಟು ಬಾಳೆಹಣ್ಣು ತಂದಾರ!" ಹೊರಗೆ ಚೀಟಿ ಬರೆಯಲು ಕೂತಿದ್ದವನು ನನ್ನ ಹಳೆಯ ವಿದ್ಯಾರ್ಥಿ ತಾರಿಖ್. ಎದ್ದು ಕೈಮುಗಿದ. "ಸರ್, ನಿಮ್ಮ ಕ್ಲಾಸಿನ್ಯಾಗ ನಕ್ಕು ನಕ್ಕು ಬೆಂಚಿನಿಂದ ಬಿದ್ದವರು ನಾವು. ಒಂದು ಜೋಕ್ ಹೇಳ್ರಿ ಸರ್." ಒಂದು ಹಳೆಯ ಜೋಕಿಗಾಗಿ ತಡಕಾಡಿದೆ. ನಿವೃತ್ತಿಯಾಗಿ ಎರಡು ವರ್ಷವಾಯಿತಲ್ಲಪ್ಪ, ಸ್ಟಾಕ್ ಇಲ್ಲ ಎಂದು ತೇಲಿಸಿ ಒಳಗೆ ಹೋದೆ.

ಈಗ ನನ್ನ ಪರೀಕ್ಷೆಯ ಕಥೆ. ಮೇಡಂ ಕೇಳಿದರು: "ಸರ್, ಇವತ್ತ ಏನದ, ಹೇಳ್ರಿ. ವರ್ಷ, ತಿಂಗಳು, ದಿನ?" ಐವತ್ತು ವರ್ಷದಿಂದ ದಿನಾ ಬೆಳಿಗ್ಗೆ ಸಂಕಲ್ಪ ಹೇಳುವವನಿಗೆ ಕೇಳುವ ಪ್ರಶ್ನೆಯೇ ಇದು? ಕಣ್ಣು ಮುಚ್ಚಿ, ಎಡ ಅಂಗೈಯನ್ನು ಬಲ ಅಂಗೈಯಿಂದ ಮುಚ್ಚಿ ತೊಡೆಯ ಮೇಲಿಟ್ಟು ಶುರುಮಾಡಿದೆ: ವಿಶ್ವಾವಸು ನಾಮ ಸಂವತ್ಸರೇ, ಉತ್ತರಾಯಣೇ, ಗ್ರೀಷ್ಮ ಋತೌ, ಜ್ಯೇಷ್ಠ ಮಾಸೇ, ಕೃಷ್ಣ ಪಕ್ಷೇ, ಷಷ್ಠ್ಯಾಂ ತಿಥೌ, ಭೌಮವಾಸರೇ. ಮೇಡಂ ಪೆನ್ನು ಕೆಳಗಿಟ್ಟರು. "ಮಂಗಳವಾರ ಅಂದ್ರಲ್ಲ ಸರ್? ಅದಕ್ಕ ನಂಬರ್ ಕೊಡ್ತೇನಿ. ಉಳಿದದ್ದಕ್ಕ ಕ್ಯಾಲೆಂಡರ್ ತರಿಸ್ಬೇಕು." ಸರಿ, ನಾವು ಈಗ ಎಲ್ಲಿದ್ದೇವೆ ಎಂದು ಕೇಳಿದರು. ವೇಗದಲ್ಲಿದ್ದವನಿಗೆ ನಿಲ್ಲುವುದು ಹೇಗೆ? ಜಂಬೂದ್ವೀಪೇ, ಭರತವರ್ಷೇ, ಭರತಖಂಡೇ, ದಂಡಕಾರಣ್ಯೇ, ಗೋದಾವರ್ಯಾಃ ದಕ್ಷಿಣೇ ತೀರೇ! ಬಾಗಿಲಲ್ಲಿ ನಿಂತಿದ್ದ ಶುಭದಾ ಹಣೆ ಬಡಿದುಕೊಂಡಳು. "ಮಾವಯ್ಯಾ, ಸೇಡಂ ರೋಡ್ ಅನ್ರಿ, ಎರಡನೇ ಮಾಳಿಗಿ!" ತಾರಿಖ್ ಕ್ಯಾಲೆಂಡರ್ ತಂದ. ತಿಥಿ, ಪಕ್ಷ, ಮಾಸ ಎಲ್ಲ ಸರಿ. ಊರು, ಜಿಲ್ಲೆಗಳನ್ನೂ ಕನ್ನಡದಲ್ಲಿ ಹೇಳಿ ಅಂಕ ಗಿಟ್ಟಿಸಿದೆ, ಇಂಗ್ಲಿಷ್ ತಾರೀಖು ಮಾತ್ರ ತಪ್ಪಿತು. ಪಿಂಚಣಿಯ ದಿನ ಬಿಟ್ಟರೆ ಅದರ ಹಂಗು ನನಗಾದರೂ ಯಾಕೆ? ನೂರರಿಂದ ಏಳೇಳು ಕಳೆಯುವಲ್ಲಿ ಒಂದು ಕಡೆ ಎಡವಿದೆ. ಗಡಿಯಾರ ಬರೆದೆ, ಹೇಳಿದ ಪದಗಳನ್ನು ಐದು ನಿಮಿಷದ ಮೇಲೆ ಒಪ್ಪಿಸಿದೆ. ಮೂವತ್ತಕ್ಕೆ ಇಪ್ಪತ್ತೆಂಟು! ಮೃದುಲಾ ನನ್ನ ಬೆನ್ನು ತಟ್ಟಿದಳು.

ಮೇಡಂ ಆಮೇಲೆ ಅಪ್ಪನ ವಿಷಯ ಕೇಳಿದರು, ಬಸ್ಸಿನ ವಿಷಯ ಕೇಳಿದರು. ನಿದ್ರೆ, ಹಸಿವು, ಮನಸ್ಸಿಗೆ ಯಾವುದು ಹಿತ ಎಂದು ಮತ್ತೆರಡು ಹಾಳೆ ತುಂಬಿಸಿದರು. ಕೊನೆಗೆ ಅಂದರು: "ಸರ್, ಹೆದರಬ್ಯಾಡ್ರಿ. ಅಪ್ಪಾರ ರೋಗದ ಲಕ್ಷಣ ಇದರಾಗ ಕಾಣವಲ್ದು. ಅಮ್ಮಾರು ನಾಕು ಕೆಟ್ಟ ಹಣ್ಣು ಬದಲಿ ಮಾಡಿಸ್ಕೊಂಡ ಬರ್ತೇನಿ, ಬಸ್ ನಿಲ್ಲಸ್ರಿ ಅಂತ ಹೇಳಿದ್ರು, ನೀವು ಹೂಂ ಅಂದ್ರಿ ಅಂತ ನಿಮ್ಮ ಸೊಸಿ ಹೇಳಿದ್ರು. ಆ ಮಾತು ಒಳಗ ಹೋಗೇ ಇಲ್ಲ. ಒಳಗ ಹೋಗಲಾರದ್ದು ಮರೀಲಿಕ್ಕೆ ಹ್ಯಾಂಗ ಬರ್ತದ?" ನಿವೃತ್ತಿಯ ನಂತರ ಮನಸ್ಸಿಗೆ ಕವಿದ ಮಂಕು ಇದು, ಮೊದಲ ಹಂತದಲ್ಲೇ ಸಿಕ್ಕಿದೆ, ವಾರಕ್ಕೊಮ್ಮೆ ಬಂದು ಮಾತಾಡಿದರೆ ಸರಿಹೋದೀತು ಎಂದರು. ಕಿವಿಯನ್ನೂ ರಕ್ತವನ್ನೂ ಒಮ್ಮೆ ಪರೀಕ್ಷೆ ಮಾಡಿಸಲು ಹೇಳಿದ್ದಾರೆ. ಮೆಟ್ಟಿಲಿಳಿಯುವಾಗ ಮೃದುಲಾ ನನ್ನ ಕೈ ಹಿಡಿದಿದ್ದಳು. ಬೀಳದಂತೆ ಹಿಡಿದವರು ಯಾರು ಎಂಬುದನ್ನು ನೀನೇ ತೀರ್ಮಾನಿಸು.

ಬಂಡುವಿಗೆ ಆಶೀರ್ವಾದ, ಇನ್ನು ನನ್ನ ಫೋನು ಎತ್ತಬೇಡ ಎಂದು ಹೇಳು. ಹಣ್ಣು ಕೊಂಡರೆ ಮರೆಮ್ಮನಿಗೆ ನಮ್ಮ ನೆನಪು ತಿಳಿಸು. ಮೃದುಲಾ ನಿನಗೆ ನಮಸ್ಕಾರ ಹೇಳಿ, ಪತ್ರದ ಹಿಂಬದಿಗೆ ತಾನೇ ತನ್ನ ಹೆಸರು ಬರೆದಿದ್ದಾಳೆ. ಅಕ್ಷರ ಹಿಂದೆಮುಂದಾಗಿದ್ದರೆ ತಿದ್ದಬೇಡ.

ನಿನ್ನ (ಇಪ್ಪತ್ತೆಂಟು ಅಂಕದ)
ಧೀರೇಂದ್ರ

ತಾ.ಕ.: ಮರೆಪ್ಪ ಹಾರ್ನ್ ಹಾಕಿಸುತ್ತಿದ್ದಾನೆ, ಬೇಗ ಬರೆಯುತ್ತೇನೆ. ಇನ್ನೊಂದು ಫಾರ್ಮ್ ಇದೆ. ಅದನ್ನು ರೋಗಿಯಲ್ಲ, ಜೊತೆಗೆ ಬಾಳುವವರು ತುಂಬಬೇಕಂತೆ. ನಲವತ್ತು ವರ್ಷದ ದೂರು ಹೇಳಿಕೊಳ್ಳಲು ನಿನಗೆ ಅಚ್ಚುಹಾಕಿದ ಕಾಗದವೇ ಸಿಕ್ಕಿದೆ. ಹಾಳೆ ಸಾಲದಿದ್ದರೆ ಹೆಚ್ಚಿನದು ಕೊಡುತ್ತಾರೆ. ಅದರಲ್ಲಿ ಒಂದು ಪ್ರಶ್ನೆ: ಇವರು ಮೊದಲಿನ ಹಾಗೆ ನಗುತ್ತಾರೆಯೇ, ನಗಿಸುತ್ತಾರೆಯೇ? ಹೌದು ಎಂದು ನಾನೇ ಬರೆಯಲು ಹೋದೆ. ನಿನ್ನನ್ನು ಕಡೆಯ ಸಲ ನಗಿಸಿದ್ದು ಯಾವಾಗ ಎಂದು ನೆನಪು ಮಾಡಿಕೊಂಡೆ. ಹೊಳೆಯಲಿಲ್ಲ, ಭಾಗೀರಥಿ. ಮಂಗಳವಾರ ಹತ್ತು ಗಂಟೆಗೆ ಮೇಡಂ ಕರೆದಿದ್ದಾರೆ. ಸೋಮವಾರ ಮೊದಲ ಬಸ್ಸಿಗೆ ನಾನೇ ಕಮಲಾಪುರಕ್ಕೆ ಬರುತ್ತೇನೆ. ವಾಪಸು ಬರುವಾಗ ಟವೆಲ್ ನೀನು ಒಗೆ, ಮೊದಲು ನೀನು ಹತ್ತು, ನಾನು ಆಮೇಲೆ ಹತ್ತುತ್ತೇನೆ. ಈ ಪತ್ರ ಓದುವಾಗ ಎಲ್ಲಿಯಾದರೂ ನಕ್ಕಿದ್ದರೆ ತಾರೀಖು ಬರೆದಿಟ್ಟುಕೋ. ತಿಥಿ ಆದರೂ ನಡೆದೀತು.